ಹಂದಿಯ ಕೆಮ್ಮಿಗೆ ಗಳಲೆ ಲಸಿಕೆ ಸಾಕೇ?

ಮಳೆಗಾಲಕ್ಕೆ ಮುಂಚೆ ದನ, ಎಮ್ಮೆಗಳಿಗೆ ಗಳಲೆ ರೋಗದ ಲಸಿಕೆ ಹಾಕಿಸುವುದು ಸಾಲಿಗ್ರಾಮ, ಪಿರಿಯಾಪಟ್ಟಣ ಕಡೆಯ ರೈತರಿಗೆ ಹೊಸದಲ್ಲ. 1925ರಲ್ಲಿ ಶುರುವಾದ ಹೆಬ್ಬಾಳದ ಪಶು ಜೈವಿಕ ಸಂಸ್ಥೆ ಈ ಲಸಿಕೆ ತಯಾರಿಸುತ್ತದೆ. ರೋಗಕ್ಕೆ ಕಾರಣ ಪಾಶ್ಚುರೆಲ್ಲಾ ಮಲ್ಟೊಸಿಡಾ ಎಂಬ ಬ್ಯಾಕ್ಟೀರಿಯಾ. ನ್ಯುಮೋನಿಯಾ ಬಂದ ಹಂದಿಯ ಶ್ವಾಸಕೋಶದಲ್ಲೂ ಅನೇಕ ಸಲ ಸಿಗುವುದು ಇದೇ. ಹಾಗಾದರೆ ಹಂದಿಗೂ ಅದೇ ಲಸಿಕೆ ಚುಚ್ಚಿಸಿದರೆ ಕೆಮ್ಮು ನಿಲ್ಲಬೇಕಲ್ಲವೇ? ನಿಲ್ಲುವುದಿಲ್ಲ. ಗಳಲೆ ತರುವುದು ಇದರ ‘ಬಿ’ ಬಗೆ. ಅದು ಹಂದಿಗೂ ತಗಲಬಹುದು, ಆಗ ರಕ್ತವೇ ನಂಜೇರುತ್ತದೆ. ನ್ಯುಮೋನಿಯಾದಲ್ಲಿ ಹೆಚ್ಚಾಗಿ ಕಾಣುವುದು ‘ಎ’ ಬಗೆ. ಅದಕ್ಕಿಂತ ದೊಡ್ಡ ಕಾರಣ ಬೇರೆಯಿದೆ: ಹಂದಿಯ ಎದೆಗೆ ಪಾಶ್ಚುರೆಲ್ಲಾ ಬರುವುದು ಬಹುಮಟ್ಟಿಗೆ ಇನ್ನೊಬ್ಬರು ಬಾಗಿಲು ತೆರೆದ ಮೇಲೆ.

ಆ ಬಾಗಿಲು ತೆರೆಯುವುದು ಮೈಕೋಪ್ಲಾಸ್ಮಾ ಹಯೋನ್ಯುಮೋನಿಯೆ ಎಂಬ ಇನ್ನೊಂದು ಬ್ಯಾಕ್ಟೀರಿಯಾ. ಶ್ವಾಸನಾಳದ ಒಳಮೈಯಲ್ಲಿ ಸೂಕ್ಷ್ಮ ರೋಮಗಳಿವೆ. ತೆನೆ ಬಿಟ್ಟ ಭತ್ತದ ಗದ್ದೆಯ ಮೇಲೆ ಗಾಳಿ ಹಾಯ್ದಾಗ ಪೈರು ಸಾಲುಸಾಲಾಗಿ ಬಾಗಿ ಏಳುವ ಹಾಗೆ ಅವು ಸದಾ ಅಲೆಯಾಡುತ್ತ, ಧೂಳು, ರೋಗಾಣು ಅಂಟಿದ ಲೋಳೆಯನ್ನು ಗಂಟಲ ಕಡೆಗೆ ತಳ್ಳುತ್ತವೆ. ಮೈಕೋಪ್ಲಾಸ್ಮಾ ಈ ರೋಮಗಳಿಗೇ ಅಂಟಿ ಅವನ್ನು ಉದುರಿಸುತ್ತದೆ. ಗದ್ದೆ ಬೋಳಾಗುತ್ತದೆ, ಲೋಳೆ ನಿಂತಲ್ಲೇ ನಿಲ್ಲುತ್ತದೆ, ಪಾಶ್ಚುರೆಲ್ಲಾ ಕೆಳಗಿಳಿಯುತ್ತದೆ. ಈ ಮೊದಲ ಅಪರಾಧಿಯನ್ನು 1965ರಲ್ಲಿ ಅಮೆರಿಕದಲ್ಲಿ ಮಾರೆ ಮತ್ತು ಸ್ವಿಟ್ಜರ್, ಬ್ರಿಟನ್ನಿನಲ್ಲಿ ಗುಡ್‌ವಿನ್ ತಂಡ ಬೇರೆಬೇರೆಯಾಗಿಯೇ ಗುರುತಿಸಿದರು. ಅಲ್ಲಿಯವರೆಗೆ ಇದನ್ನು ವೈರಸ್ ಕಾಯಿಲೆ ಎಂದೇ ಬಹುತೇಕರು ನಂಬಿದ್ದರು.

ಮೇವಿನಲ್ಲೇ ಆ್ಯಂಟಿಬಯಾಟಿಕ್ ಬೆರೆಸಿದರೆ ಎರಡೂ ಸಾಯುತ್ತವಲ್ಲ ಎನ್ನುವವರಿದ್ದಾರೆ. ಆದರೆ ಪೆನಿಸಿಲಿನ್ ಹೊಡೆಯುವುದು ಬ್ಯಾಕ್ಟೀರಿಯಾದ ಕೋಶಭಿತ್ತಿಗೆ. ಮೈಕೋಪ್ಲಾಸ್ಮಾಕ್ಕೆ ಕೋಶಭಿತ್ತಿಯೇ ಇಲ್ಲ. ಟೈಲೋಸಿನ್, ಟೆಟ್ರಾಸೈಕ್ಲಿನ್‌ಗಳು ಅದನ್ನು ತಡೆಯುತ್ತವೆ, ನಿಜ. ಆದರೆ ಔಷಧ ನಿಂತೊಡನೆ ಪಕ್ಕದ ಹಂದಿಯ ಮೂಗಿನಿಂದ ಅದು ಮತ್ತೆ ಬರುತ್ತದೆ, ಮದ್ದಿಗೆ ಬಗ್ಗದ ರೋಗಾಣುಗಳು ಮಾತ್ರ ಹೆಚ್ಚುತ್ತವೆ. 2019ರಲ್ಲಿ ಭಾರತ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗಾಗಿ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ತಯಾರಿಸಿ ಮಾರುವುದನ್ನು ನಿಷೇಧಿಸಿದ್ದು ಇದೇ ಭಯದಿಂದ. ಮೈಕೋಪ್ಲಾಸ್ಮಾಕ್ಕೆ ಲಸಿಕೆಯಿದೆ; ಅದು ಹಾನಿ ತಗ್ಗಿಸುತ್ತದೆ, ಸೋಂಕನ್ನು ಪೂರ್ತಿ ತಡೆಯುವುದಿಲ್ಲ. ಸ್ವಿಟ್ಜರ್ಲೆಂಡ್ 1996ರಲ್ಲಿ ಊರೂರಿನ ಫಾರ್ಮ್‌ಗಳನ್ನು ಒಟ್ಟಿಗೆ ಹಿಡಿದು, ಸೋಂಕು ಹರಡುವ ಎಳೆಯ ಹಂದಿಗಳನ್ನು ಎರಡು ವಾರ ಹೊರಗಿಟ್ಟು, ಉಳಿದವಕ್ಕೆ ಔಷಧ ಕೊಟ್ಟು ರೋಗದ ಸರಪಣಿ ಕಡಿಯತೊಡಗಿತು. ಅಷ್ಟು ಹಣ, ಅಷ್ಟು ಒಗ್ಗಟ್ಟು ನಮ್ಮ ಸಣ್ಣ ಸಾಕಣೆದಾರರಿಗೆ ಎಲ್ಲಿ ಎಂಬ ಆಕ್ಷೇಪ ಸರಿಯೇ. ಆದರೂ ಸೋಂಕಿನ ಸರಪಣಿ ಕಡಿಯುವ ಆ ವಿಧಾನದ ತಿರುಳು ದುಬಾರಿಯಲ್ಲ. ಮೊದಲು ಗಾಳಿಯಾಟ ನೋಡಿ: ಮೂತ್ರದ ಅಮೋನಿಯಾ ಶ್ವಾಸನಾಳದ ರೋಮಗಳನ್ನು ಸುಡುತ್ತದೆ. ಕೊಟ್ಟಿಗೆಯ ಗೋಡೆಯ ಮೇಲ್ಭಾಗ ತೆರೆದಿಟ್ಟರೆ ಘಾಟು ಹೊರಹೋಗುತ್ತದೆ. ದೊಡ್ಡ ಹಂದಿ, ಮರಿಗಳನ್ನು ಒಂದೇ ಗೂಡಲ್ಲಿ ಬೆರೆಸಬೇಡಿ. ಒಂದು ತಂಡ ಮಾರಿದ ಮೇಲೆ ಕೊಟ್ಟಿಗೆ ತೊಳೆದು, ಒಣಗಿಸಿ, ಆಮೇಲೆ ಮುಂದಿನ ತಂಡ ಬಿಡಿ. ಸಂತೆಯಿಂದ ತಂದ ಹಂದಿಯನ್ನು ಒಂದು ತಿಂಗಳಾದರೂ ಬೇರೆ ಕಟ್ಟಿ, ಕೆಮ್ಮು ಕೇಳಿಸಿದರೆ ಚುಚ್ಚುಮದ್ದಿಗೆ ಮೊದಲು ಪಶುವೈದ್ಯರಿಗೆ ತೋರಿಸಿ.