ದೇಹದುರ್ಗದ ಹೊರಗೋಡೆ

ರೋಗನಿರೋಧವೆಂದೊಡನೆ ನಮ್ಮ ಸುಶಿಕ್ಷಿತರ ಮನಸ್ಸು ರಕ್ತದ ಬಿಳಿಯ ಕಣಗಳ ಕಡೆಗೆ ಓಡುತ್ತದೆ. ಚರ್ಮವಾಗಲಿ, ಮೂಗು, ಶ್ವಾಸನಾಳ, ಕರುಳುಗಳ ಒಳಹೊದಿಕೆಯಾಗಲಿ ಬರಿಯ ಜಡಗೋಡೆ, ಕಾದಾಡತಕ್ಕ ಸೈನ್ಯವೆಲ್ಲ ಅದರ ಒಳಗಿದೆ ಎಂಬುದು ಬಹುಕಾಲದ ತಿಳಿವಳಿಕೆ. ಅದು ಅರ್ಧಸತ್ಯವೆಂಬುದನ್ನು ವಾಚಕರ ಮುಂದಿಡಲು ಇಚ್ಛಿಸುತ್ತೇವೆ.

ಕಣ್ಣೀರಿನಲ್ಲಿಯೂ ಮೂಗಿನ ಸಿಂಬಳದಲ್ಲಿಯೂ ಬ್ಯಾಕ್ಟೀರಿಯಗಳನ್ನು ಕರಗಿಸತಕ್ಕ ಲೈಸೋಜೈಮ್ ಎಂಬ ವಸ್ತುವಿದೆಯೆಂದು ಅಲೆಗ್ಸಾಂಡರ್ ಫ್ಲೆಮಿಂಗರು 1922ರಲ್ಲಿಯೇ ಪ್ರಕಟಪಡಿಸಿದ್ದರು. ಪೆನಿಸಿಲಿನ್ನಿನ ಕೀರ್ತಿಯ ಮುಂದೆ ಅದು ಮಂಕಾಯಿತು. ಅನಂತರ ಅಮೇರಿಕೆಯಲ್ಲಿ ಮೈಕೇಲ್ ಜಾಸ್ಲಾಫ್ ಎಂಬ ವಿಜ್ಞಾನಿ ಪ್ರಯೋಗಕ್ಕೆ ಬೇಕಾದ ಮೊಟ್ಟೆಗಳಿಗಾಗಿ ಆಫ್ರಿಕದ ಕಪ್ಪೆಗಳ ಹೊಟ್ಟೆಯನ್ನು ಕೊಯ್ದು, ಹೊಲಿದು, ಕೊಳಕು ನೀರಿನ ತೊಟ್ಟಿಗೇ ಮರಳಿ ಬಿಡುತ್ತಿದ್ದರು. ಗಾಯಗಳು ಕೀವುಗಟ್ಟದೆ ಮಾಯುತ್ತಿದ್ದವು. ನೂರಾರು ಸಲ ಕಂಡರೂ ಯಾರೂ ಕೇಳದ ಪ್ರಶ್ನೆಯನ್ನು ಅವರು ಕೇಳಿದರು. ಕಪ್ಪೆಯ ಚರ್ಮವೇ ಕ್ರಿಮಿನಾಶಕವನ್ನು ತಯಾರಿಸುತ್ತಿತ್ತು! 1987ರಲ್ಲಿ ಅವರು ಅದಕ್ಕೆ ಮ್ಯಾಗೈನಿನ್ ಎಂದು ಹೆಸರಿಟ್ಟರು. ಹೀಬ್ರೂ ಭಾಷೆಯಲ್ಲಿ 'ಮಾಗೇನ್' ಎಂದರೆ ಗುರಾಣಿ. ಮನುಷ್ಯನ ಚರ್ಮದಲ್ಲಿಯೂ ಇಂತಹುದೇ ಡಿಫೆನ್ಸಿನ್ ಒಂದು 1997ರಲ್ಲಿ ದೊರೆಯಿತು. ಬ್ಯಾಕ್ಟೀರಿಯ ಸೋಕಿದೊಡನೆ ಚರ್ಮದ ಜೀವಕಣಗಳು ಇದನ್ನು ಹೆಚ್ಚಾಗಿ ತಯಾರಿಸುತ್ತವೆ. ಅಂದಮೇಲೆ ಗೋಡೆಗೆ ಸ್ಪರ್ಶಜ್ಞಾನವೂ ಉಂಟು. ಶತ್ರುವನ್ನು ಗುರುತಿಸಿ, ರಾಸಾಯನಿಕ ಸಂದೇಶವನ್ನು ಕಳುಹಿಸಿ ಬಿಳಿಯ ಕಣಗಳನ್ನು ಕರೆಯಿಸುವುದೂ ಬಹುಮಟ್ಟಿಗೆ ಈ ಗೋಡೆಯೇ.

ಶ್ವಾಸನಾಳದ ವ್ಯವಸ್ಥೆಯಂತೂ ಆಶ್ಚರ್ಯಕರವಾದುದು. ಅಲ್ಲಿಯ ಜೀವಕಣಗಳ ಮೇಲಿನ ಸೂಕ್ಷ್ಮವಾದ ರೋಮಗಳು ಹಗಲಿರುಳೂ ಬೀಸುತ್ತ, ಧೂಳು ಕ್ರಿಮಿಗಳು ಅಂಟಿದ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ. ನಾವು ಅರಿಯದೆಯೇ ಅದನ್ನು ನುಂಗುತ್ತೇವೆ. ಉಳಿದುದನ್ನು ಜಠರದ ಆಮ್ಲ ನೋಡಿಕೊಳ್ಳುತ್ತದೆ.

ಈ ರೋಮಗಳಿಗೆ ಹೊಗೆ ಆಗದು. ಬೀಡಿ ಸಿಗರೇಟುಗಳ ಹೊಗೆಯಿಂದ ಅವು ಕುಗ್ಗುತ್ತವೆ, ಲೋಳೆ ನಿಂತುಬಿಡುತ್ತದೆ, ಕ್ರಿಮಿಗಳಿಗೆ ದಾರಿ ತೆರೆಯುತ್ತದೆ. ಸೇದುವವನು ತಾನಾಗಿ ತಂದುಕೊಂಡ ಕೇಡು ಅದು ಎನ್ನೋಣ. ಒಲೆಯ ಪಕ್ಕದಲ್ಲಿ ಮಲಗಿದ ಕೂಸಿನ ಅಪರಾಧವೇನು? ಸೌದೆ, ಬೆರಣಿಗಳ ಹೊಗೆಯಲ್ಲಿ ಬೆಳೆಯುವ ಮಕ್ಕಳಿಗೆ ನ್ಯೂಮೋನಿಯದಂತಹ ಶ್ವಾಸಕೋಶದ ಸೋಂಕಿನ ಭಯ ಹೆಚ್ಚುಕಡಿಮೆ ಇಮ್ಮಡಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಗೆಗೂಡುಳ್ಳ 'ಅಸ್ತ್ರ ಒಲೆ'ಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿ ದಶಕಗಳೇ ಕಳೆದಿವೆ; ಗ್ಯಾಸ್ ಸಿಲಿಂಡರೂ ಹಳ್ಳಿಗಳನ್ನು ಮುಟ್ಟಿದೆ. ಆದರೆ ಸಂಪರ್ಕ ಕೊಟ್ಟ ಮನೆಗಳನ್ನು ಎಣಿಸುವಷ್ಟಕ್ಕೆ ಅಧಿಕಾರಿಗಳ ಕೆಲಸ ಮುಗಿಯಬಾರದು. ಸಿಲಿಂಡರು ಬರಿದಾದಮೇಲೆ ಅದೇ ಅಡುಗೆಮನೆಯಲ್ಲಿ ಮತ್ತೆ ಸೌದೆ ಉರಿಯುತ್ತಿದೆಯೇ ಎಂಬುದನ್ನೂ ಅವರು ಹೋಗಿ ನೋಡಬೇಕೆಂದು ಕೇಳುತ್ತೇವೆ.