ಕಟ್ಟಿರುವೆಯ ವರ್ಗೀಕರಣ ಮತ್ತು ವ್ಯಾಪ್ತಿ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪರಿಸರದ ಹಿನ್ನೆಲೆಯಲ್ಲಿ

ಪೀಠಿಕೆ

ತುಂಗಭದ್ರೆಯ ಆಸುಪಾಸಿನ ಬಯಲು, ತೋಟ ಹಾಗೂ ಕುರುಚಲು ಕಾಡುಗಳಲ್ಲಿ ಮರದ ಬುಡದಿಂದ ಕೊಂಬೆಯವರೆಗೆ ಸಾಲುಗಟ್ಟಿ ಸಾಗುವ ದೊಡ್ಡ ಕಪ್ಪು ಇರುವೆ ಎಲ್ಲರಿಗೂ ಪರಿಚಿತವಾದುದು. ಕನ್ನಡದಲ್ಲಿ ಇದಕ್ಕೆ ಕಟ್ಟಿರುವೆ, ಗೊದ್ದ ಎಂಬ ಹೆಸರುಗಳಿವೆ. ಇದರ ವೈಜ್ಞಾನಿಕ ನಾಮ ಕ್ಯಾಂಪೊನೋಟಸ್ ಕಂಪ್ರೆಸಸ್. ಇಷ್ಟು ಸಾಮಾನ್ಯವಾದ ಜೀವಿಯ ಬಗ್ಗೆ ಹೊಸದಾಗಿ ಹೇಳಬೇಕಾದುದೇನು ಎಂಬ ಪ್ರಶ್ನೆ ಸಹಜ. ಆದರೆ ‘ದೊಡ್ಡ ಕಪ್ಪು ಇರುವೆ’ ಎಂಬ ಒಂದೇ ವಿವರಣೆಯಡಿ ಒಂದಕ್ಕಿಂತ ಹೆಚ್ಚು ಪ್ರಭೇದಗಳು ಸೇರಿಹೋಗುತ್ತವೆ. ಗಣಿ, ಅಣೆಕಟ್ಟು ಹಾಗೂ ನೀರಾವರಿಗಳಿಂದ ನೆಲದ ಸ್ವರೂಪವೇ ಬದಲಾಗಿರುವ ಈ ಪ್ರದೇಶದಲ್ಲಿ, ಹೆಸರು ತಪ್ಪಿದರೆ ಬದಲಾವಣೆಯ ಲೆಕ್ಕವೂ ತಪ್ಪುತ್ತದೆ. ಪ್ರಸ್ತುತ ಲೇಖನವು ಈ ಪ್ರಭೇದದ ನಾಮಕರಣ, ಗುರುತಿನ ಲಕ್ಷಣ ಹಾಗೂ ವ್ಯಾಪ್ತಿಯನ್ನು ಈ ದೃಷ್ಟಿಯಿಂದ ಪರಿಶೀಲಿಸುತ್ತದೆ.

ನಾಮಕರಣದ ಇತಿಹಾಸ

ಈ ಇರುವೆಯನ್ನು ಮೊದಲು ವಿವರಿಸಿದವನು ಡೆನ್ಮಾರ್ಕಿನ ಕೀಟವಿಜ್ಞಾನಿ ಫ್ಯಾಬ್ರಿಸಿಯಸ್. ಆಗ ಡೇನರ ವಸಾಹತಾಗಿದ್ದ ತಮಿಳುನಾಡಿನ ತರಂಗಂಬಾಡಿಯೇ ಇದರ ಮೂಲ ಮಾದರಿಯ ನೆಲೆ. 1787ರಲ್ಲಿ ಆತ ಇದನ್ನು ಫಾರ್ಮಿಕಾ ಕಂಪ್ರೆಸಾ ಎಂದು ಕರೆದ. ಅಂದಿನ ಪದ್ಧತಿಯಂತೆ ಬಹುಪಾಲು ಇರುವೆಗಳು ಫಾರ್ಮಿಕಾ ಎಂಬ ಒಂದೇ ಕುಲದಲ್ಲಿದ್ದವು. 1861ರಲ್ಲಿ ಆಸ್ಟ್ರಿಯದ ಗುಸ್ಟಾವ್ ಮಾಯರ್ ಕ್ಯಾಂಪೊನೋಟಸ್ ಕುಲವನ್ನು ಸ್ಥಾಪಿಸಿದನು. ಬಾಗಿದ ಬೆನ್ನು ಎಂಬುದು ಈ ಗ್ರೀಕ್ ಮೂಲದ ಹೆಸರಿನ ಅರ್ಥ. ಅನಂತರ ನಮ್ಮ ಪ್ರಭೇದವೂ ಆ ಕುಲಕ್ಕೆ ವರ್ಗವಾಯಿತು. ಮೂಲ ಲೇಖಕನ ಹೆಸರನ್ನು ಇಂದು ಆವರಣದಲ್ಲಿ, ಅಂದರೆ (ಫ್ಯಾಬ್ರಿಸಿಯಸ್, 1787) ಎಂದು ಬರೆಯುವುದು ಈ ಕುಲಾಂತರವನ್ನು ಸೂಚಿಸುವುದಕ್ಕಾಗಿಯೇ.

ದಕ್ಷಿಣ ಭಾರತದ ಇರುವೆಗಳ ಮೊದಲ ಗಣ್ಯ ಪಟ್ಟಿಯನ್ನು 1851ರಲ್ಲಿ ಮದರಾಸು ಸೇವೆಯ ವೈದ್ಯ ಜೆರ್ಡನ್ ಪ್ರಕಟಿಸಿದನು. ಸ್ವಿಟ್ಜರ್ಲೆಂಡಿನ ಆಗಸ್ಟ್ ಫೊರೆಲ್ ಕಂಪ್ರೆಸಸ್ ಅನ್ನು ಆಫ್ರಿಕದ ಮ್ಯಾಕ್ಯುಲೇಟಸ್ ಪ್ರಭೇದದ ಒಂದು ಭೇದವೆಂದು ಎಣಿಸಿದ್ದುಂಟು. 1903ರ ಬಿಂಗ್ಹ್ಯಾಮನ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಸಂಪುಟದಲ್ಲಿ ಅದು ಸ್ವತಂತ್ರ ಪ್ರಭೇದವಾಗಿದೆ. ಇಂದಿಗೂ ಹಾಗೆಯೇ ಪರಿಗಣಿತವಾಗಿದೆ. ಆದ್ದರಿಂದ ಹಳೆಯ ಪಟ್ಟಿಗಳನ್ನು ಓದುವವರು ಮ್ಯಾಕ್ಯುಲೇಟಸ್ ಎಂಬ ಹೆಸರು ಕಂಡಲ್ಲಿ ಅದನ್ನು ಆಫ್ರಿಕದ ಇರುವೆಯೆಂದು ತಿಳಿಯುವಂತಿಲ್ಲ.

ಕುಲದ ಎಲ್ಲೆಗಳೂ ಸ್ಥಿರವಾಗಿಲ್ಲ. ಸಾವಿರಕ್ಕೂ ಮಿಕ್ಕ ಪ್ರಭೇದಗಳಿರುವ ಈ ಕುಲದಿಂದ 2016ರಲ್ಲಿ ವಾರ್ಡ್, ಬ್ಲೈಮರ್ ಮತ್ತು ಫಿಶರ್ ಅವರು ಡಿ.ಎನ್.ಎ. ಆಧಾರದ ಮೇಲೆ ಕೊಲೊಬಾಪ್ಸಿಸ್ ಹಾಗೂ ಡೈನೋಮಿರ್ಮೆಕ್ಸ್‌ಗಳನ್ನು ಪ್ರತ್ಯೇಕ ಕುಲಗಳಾಗಿ ಪುನರುಜ್ಜೀವಿಸಿದರು. ಅದೇ ವರ್ಷ ಪ್ರಕಟವಾದ ಭಾರತದ ಇರುವೆಗಳ ಪಟ್ಟಿಯಲ್ಲಿ 100 ಕುಲಗಳಿಗೆ ಸೇರಿದ 828 ಪ್ರಭೇದ ಮತ್ತು ಉಪಪ್ರಭೇದಗಳಿದ್ದು, ಕ್ಯಾಂಪೊನೋಟಸ್ ಅತ್ಯಂತ ದೊಡ್ಡ ಕುಲವಾಗಿದೆ.

ಗುರುತಿನ ಲಕ್ಷಣಗಳು

ಫಾರ್ಮಿಸಿನೀ ಉಪಕುಟುಂಬದ ಉಳಿದ ಇರುವೆಗಳಂತೆ ಇದಕ್ಕೂ ಕೊಂಡಿಯಿಲ್ಲ. ಉದರದ ತುದಿಯ ರಂಧ್ರದಿಂದ ಫಾರ್ಮಿಕ್ ಆಮ್ಲವನ್ನು ಚಿಮ್ಮಿಸುತ್ತದೆ. ಸೊಂಟಕ್ಕೆ ಒಂದೇ ಗಂಟು. ಕುಡಿಮೀಸೆಯಲ್ಲಿ ಹನ್ನೆರಡು ಖಂಡಗಳಿದ್ದು, ಅದರ ಬುಡವು ಮುಖಫಲಕದ ಹಿಂಅಂಚಿನಿಂದ ದೂರದಲ್ಲಿರುವುದು ಕುಲವನ್ನು ಗುರುತಿಸಲು ನೆರವಾಗುತ್ತದೆ. ಕಂಪ್ರೆಸಸ್‌ನ ದೇಹ ಹೊಳಪಿಲ್ಲದ ಕಪ್ಪು. ಕಾಲುಗಳಲ್ಲಿ ಕೆಂಗಂದು ಛಾಯೆಯಿರುತ್ತದೆ. ಪಕ್ಕದಿಂದ ನೋಡಿದಾಗ ಎದೆಯ ಬೆನ್ನುರೇಖೆ ಒಂದೇ ಕಮಾನಿನಂತಿದೆ.

ಇದರೊಡನೆ ಬೆರೆತುಹೋಗುವ ಸಂಭವವಿರುವುದು ಕ್ಯಾಂಪೊನೋಟಸ್ ಸೆರಿಸಿಯಸ್, ಪೇರಿಯಸ್ ಹಾಗೂ ರೂಫೋಗ್ಲಾಕಸ್‌ಗಳೊಂದಿಗೆ. ಸೆರಿಸಿಯಸ್‌ನ ಉದರವನ್ನು ಹೊನ್ನಿನ ಬಣ್ಣದ ರೇಷ್ಮೆರೋಮ ದಟ್ಟವಾಗಿ ಮುಚ್ಚಿರುತ್ತದೆ. ಎದೆಯ ಹಿಂಭಾಗ ಕೋನಗೊಂಡಿರುತ್ತದೆ. ಇದರ ಒಂದು ಇರುವೆ ಇನ್ನೊಂದನ್ನು ಜೋಡಿಯಾಗಿ ಕರೆದೊಯ್ಯುವ ವಿಧಾನವನ್ನು 1974ರಲ್ಲಿ ಹೋಲ್ಡೊಬ್ಲರ್ ಮತ್ತು ಸಂಗಡಿಗರು ವಿವರಿಸಿದ್ದಾರೆ. ಉಳಿದೆರಡರ ಉದರದ ಮೇಲೂ ನವಿರಾದ ರೋಮದ ಹೊದಿಕೆಯುಂಟು.

ದೊಡ್ಡ ತೊಡಕು ಇರುವುದು ಬಹುರೂಪತೆಯಲ್ಲಿ. ಒಂದೇ ಗೂಡಿನಲ್ಲಿ ಅಗಲ ತಲೆಯ ದೊಡ್ಡ ಕೆಲಸಗಾರ, ಕಿರಿದಾದ ತಲೆಯ ಚಿಕ್ಕ ಕೆಲಸಗಾರ ಹಾಗೂ ಇವೆರಡರ ನಡುವಿನ ಗಾತ್ರದವು ಒಟ್ಟಿಗಿರುತ್ತವೆ. ಬಿಡಿಯಾಗಿ ದೊರೆತಾಗ ಇವು ಬೇರೆ ಬೇರೆ ಪ್ರಭೇದಗಳಂತೆ ಕಾಣುತ್ತವೆ. ಆದುದರಿಂದ ಒಂದೆರಡು ಇರುವೆಗಳನ್ನು ಹಿಡಿದು ಹೆಸರಿಸುವುದು ಸಾಧುವಲ್ಲ. ಒಂದೇ ಗೂಡಿನಿಂದ ಎಲ್ಲ ಗಾತ್ರದ ಕೆಲಸಗಾರರನ್ನೂ ಸಂಗ್ರಹಿಸಿ, ಸ್ಥಳ, ದಿನಾಂಕ, ನೆಲೆಗಳ ವಿವರದೊಡನೆ ಇರಿಸಬೇಕು.

ಜೀವನಕ್ರಮ ಮತ್ತು ವ್ಯಾಪ್ತಿ

ಈ ಕುಲಕ್ಕೆ ಬಡಗಿ ಇರುವೆ ಎಂಬ ಹೆಸರು ಬಂದುದು ಶೀತ ದೇಶಗಳಲ್ಲಿ ಮರವನ್ನು ಕೊರೆದು ಗೂಡು ಮಾಡುವ ಪ್ರಭೇದಗಳಿಂದ. ಕಂಪ್ರೆಸಸ್ ಗೂಡು ಮಾಡುವುದು ಹೆಚ್ಚಾಗಿ ಮಣ್ಣಿನಲ್ಲಿ, ಮರದ ಬುಡದಲ್ಲಿ. ಅವು ಮರವನ್ನು ತಿನ್ನುವುದೂ ಇಲ್ಲ. ಮರ ಒಣಗಿದರೆ ಬುಡದಲ್ಲಿರುವ ಇರುವೆಯೇ ಕಾರಣವೆಂದು ಭಾವಿಸಿ ವಿಷ ಹಾಕುವುದು ಅವಿಚಾರದ ಕಾರ್ಯ. ಆದರೆ ಸಸ್ಯಹೇನು ಮುಂತಾದ ರಸ ಹೀರುವ ಕೀಟಗಳು ಸ್ರವಿಸುವ ಸಿಹಿದ್ರವಕ್ಕಾಗಿ ಅವನ್ನು ಕಾಯುವುದರಿಂದ ಬೆಳೆಗೆ ಪರೋಕ್ಷ ಹಾನಿಯಾಗಬಹುದು. ಕರಿಜಾಲಿ, ಬಳ್ಳಾರಿ ಜಾಲಿಗಳ ಮೇಲೆ ಮುಳ್ಳಿನಾಕಾರದ ಆಕ್ಸಿರ‍್ಯಾಕಿಸ್ ಕೀಟಗಳನ್ನು ಇವು ಮುತ್ತಿರುವುದು ಸಾಮಾನ್ಯ ದೃಶ್ಯ. ಸಿಹಿಯೇ ಪ್ರಧಾನವಾದ ಇಂಥ ಆಹಾರದ ಕೊರತೆಯನ್ನು ಕರುಳಿನ ಜೀವಕೋಶಗಳಲ್ಲಿ ನೆಲೆಸಿರುವ ಬ್ಲೋಕ್‌ಮನಿಯಾ ಬ್ಯಾಕ್ಟೀರಿಯಗಳು ಅಮೈನೋ ಆಮ್ಲಗಳನ್ನೊದಗಿಸಿ ತುಂಬುತ್ತವೆ.

ಭಾರತದ ಬಯಲುಪ್ರದೇಶಗಳು, ಶ್ರೀಲಂಕಾ, ನೇಪಾಳ, ಪಾಕಿಸ್ತಾನಗಳಲ್ಲಿ ಹರಡಿರುವ ಈ ಪ್ರಭೇದದ ಅಧ್ಯಯನಕ್ಕೆ ಇಲ್ಲಿ ಚರ್ಚಿಸುವ ನಾಲ್ಕು ನೆಲೆಗಳು ಒಂದು ಸಹಜ ಪ್ರಯೋಗಾಲಯದಂತಿವೆ. ಹಂಪಿಯಲ್ಲಿ ಗ್ರಾನೈಟ್ ಬಂಡೆಗಳು, ಅವುಗಳ ಸಂದಿನ ಕುರುಚಲು, ಜೊತೆಗೆ ವಿಜಯನಗರ ಕಾಲದ ತುರ್ತಾ ಕಾಲುವೆಯಿಂದ ಶತಮಾನಗಳಿಂದ ಹಸಿರಾಗಿರುವ ಬಾಳೆತೋಟಗಳಿವೆ. ಹೊಸಪೇಟೆ ಮತ್ತು ಕಂಪ್ಲಿಗಳಲ್ಲಿ 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದ ಕಾಲುವೆಗಳು ಭತ್ತ, ಕಬ್ಬುಗಳ ವ್ಯಾಪ್ತಿಯನ್ನು ವಿಸ್ತರಿಸಿವೆ. ಮಣ್ಣಿನಲ್ಲಿ ಗೂಡು ಮಾಡುವ ಇರುವೆಗೆ ನೀರು ನಿಲ್ಲುವ ಗದ್ದೆಗಿಂತ ಬದು ಮತ್ತು ಮರದ ಬುಡಗಳೇ ಆಶ್ರಯ. ಸಂಡೂರಿನಲ್ಲಿ ಕಬ್ಬಿಣ ಹಾಗೂ ಮ್ಯಾಂಗನೀಸ್ ಅದಿರಿನ ಗುಡ್ಡಗಳ ಮೇಲೆ ಎಲೆಯುದುರುವ ಕಾಡಿದೆ. ಹಂಪಿ-ಸಂಡೂರುಗಳ ನಡುವೆ 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮವಿದೆ. ಇರುವೆ, ಗೆದ್ದಲುಗಳು ಕರಡಿಯ ಆಹಾರದ ಮುಖ್ಯ ಭಾಗವಾದುದರಿಂದ ಇಲ್ಲಿ ಇರುವೆಯ ಗುರುತು ಕರಡಿಯ ಸಂರಕ್ಷಣೆಗೂ ಸಂಬಂಧಿಸಿದುದಾಗಿದೆ.

ಗಣಿನೆಲದ ಪುನಶ್ಚೇತನ ಮತ್ತು ಇರುವೆ

2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆದು, ಮುಂದೆ ಪುನಶ್ಚೇತನದ ಷರತ್ತಿನೊಡನೆ ಅವಕಾಶ ನೀಡಿತು. ನೆಲ ಚೇತರಿಸಿಕೊಂಡಿದೆಯೇ ಎಂಬುದನ್ನು ತಿಳಿಯುವ ಬಗೆ ಯಾವುದು? ಪಶ್ಚಿಮ ಆಸ್ಟ್ರೇಲಿಯದ ಗಣಿನೆಲಗಳಲ್ಲಿ ಜೊನಾಥನ್ ಮೇಜರ್ ಇರುವೆಗಳನ್ನೇ ಅಳತೆಗೋಲಾಗಿ ಬಳಸಿ ತೋರಿಸಿದ್ದಾರೆ. ಈ ವಿಧಾನ ಸಂಡೂರಿಗೂ ಅನ್ವಯಿಸುವಂಥದು. ಆದರೆ ಒಂದು ಎಚ್ಚರಿಕೆ ಅಗತ್ಯ. ಕಂಪ್ರೆಸಸ್ ಮನೆಯಂಗಳದಲ್ಲೂ ಬದುಕುವ ಪ್ರಭೇದ. ಅದು ಗಣಿಯ ಮಣ್ಣುರಾಶಿಗೆ ಮರಳಿದರೆ ಗಿಡಗಳು ಚಿಗುರಿವೆಯೆಂದಷ್ಟೇ ಅರ್ಥ, ಕಾಡು ಮರಳಿದೆಯೆಂದಲ್ಲ. ಕಾಡಿನ ಪುನರಾಗಮನಕ್ಕೆ ಸಾಕ್ಷಿಯಾಗಬಲ್ಲುದು ಕಾಡನ್ನೇ ಅವಲಂಬಿಸಿದ ಪ್ರಭೇದ. ಇವೆರಡನ್ನೂ ‘ಕ್ಯಾಂಪೊನೋಟಸ್’ ಎಂದಷ್ಟೇ ನಮೂದಿಸುವ ವರದಿ ವ್ಯತ್ಯಾಸವನ್ನೇ ಅಳಿಸಿಹಾಕುತ್ತದೆ.

ಉಪಸಂಹಾರ

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆ, ಹಂಪಿಗಳು ಆ ಜಿಲ್ಲೆಗೂ, ಸಂಡೂರು, ಕಂಪ್ಲಿಗಳು ಬಳ್ಳಾರಿಗೂ ಸೇರಿವೆ. ಜಿಲ್ಲಾವಾರು ಪಟ್ಟಿಗಳಲ್ಲಿ ಹಳೆಯ ‘ಬಳ್ಳಾರಿ’ ಎಂಬ ನಮೂದು ಇನ್ನು ಮುಂದೆ ಸಂದಿಗ್ಧವಾದುದು. ಊರಿನ ಹೆಸರು, ಅಕ್ಷಾಂಶ-ರೇಖಾಂಶಗಳನ್ನು ಬರೆಯುವುದು ಅನಿವಾರ್ಯ. ಬಂಡೆ, ಗದ್ದೆ, ಕಾಡು, ಗಣಿ ಈ ನಾಲ್ಕೂ ನೆಲೆಗಳಿಂದ, ಮಳೆಗೆ ಮೊದಲು ಹಾಗೂ ಅನಂತರ, ಗೂಡುವಾರು ಮಾದರಿಗಳನ್ನು ಸಂಗ್ರಹಿಸಿ ಸಾರ್ವಜನಿಕ ಸಂಗ್ರಹಾಲಯದಲ್ಲಿರಿಸುವುದು ಸ್ಥಳೀಯ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಿಗೆ ಸಾಧ್ಯವಾದ ಕೆಲಸ. ಮಾದರಿ ಉಳಿದಿದ್ದರೆ ಮುಂದಿನವರು ನಮ್ಮ ತಪ್ಪನ್ನು ತಿದ್ದಬಹುದು. ಬರಿಯ ಹೆಸರು ಉಳಿದರೆ ಆ ಅವಕಾಶವೂ ಇರುವುದಿಲ್ಲ.