ಇಳಿಜಾರಿನಲ್ಲಿ ಹರಿದ ಟೈಮಿಂಗ್ ಬೆಲ್ಟ್

ಸಕಲೇಶಪುರ ಬಿಟ್ಟು ದೋಣಿಗಾಲ್ ದಾಟಿ ಹೆಗ್ಗದ್ದೆ, ಮಾರನಹಳ್ಳಿ ಕಡೆಗೆ ಇಳಿಯುವಾಗ ಹಳೆಯ ಕಾರೊಂದು ಕೆಟ್ಟು ನಿಂತರೆ ಸೇರಿದವರೆಲ್ಲ ಹೇಳುವುದು ಒಂದೇ: ‘ಸೆಕೆಂಡ್ ಗೇರಿಗೆ ಹಾಕಿ, ಇಳಿಜಾರಿನಲ್ಲಿ ಉರುಳಿಸಿ ಕ್ಲಚ್ ಬಿಡಿ ಸಾರ್.’ ಬ್ಯಾಟರಿ ಸತ್ತಿದ್ದರೆ ಒಳ್ಳೆಯ ಸಲಹೆಯೇ. ಹರಿದದ್ದು ಟೈಮಿಂಗ್ ಬೆಲ್ಟ್ ಆಗಿದ್ದರೆ ಮಾತ್ರ ಎಂಜಿನ್ನನ್ನೇ ತೆಗೆದುಬಿಡುವ ಸಲಹೆ.

ಕೆಳಗೆ ಕ್ರ್ಯಾಂಕ್‌ಶಾಫ್ಟ್ ಪಿಸ್ಟನ್‌ಗಳೊಂದಿಗೆ ತಿರುಗುತ್ತದೆ, ಮೇಲೆ ಕ್ಯಾಮ್‌ಶಾಫ್ಟ್ ವಾಲ್ವ್‌ಗಳನ್ನು ಒತ್ತಿ ತೆರೆಯುತ್ತದೆ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು. ಈ ಲೆಕ್ಕ ಕಾಯುವುದು ಒಳಗೆ ಗಾಜಿನ ನಾರು ಹಾಯಿಸಿದ, ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ. ಅದೇ ಟೈಮಿಂಗ್ ಬೆಲ್ಟ್. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಇಂಥ ಬೆಲ್ಟ್ 1940ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು ಹೊಲಿಗೆ ಯಂತ್ರಕ್ಕಾಗಿ! ಸಾಮೂಹಿಕವಾಗಿ ತಯಾರಾಗುವ ಕಾರಿನ ಎಂಜಿನ್ನಿಗೆ ಅದು ಮೊದಲು ಬಂದದ್ದು 1962ರಲ್ಲಿ, ಜರ್ಮನಿಯ ಗ್ಲಾಸ್ 1004ರಲ್ಲಿ. ನಮ್ಮ ಅಂಬಾಸಡರ್, ಪದ್ಮಿನಿಗಳಲ್ಲಿ ಇದ್ದದ್ದು ಚೈನು. ಬೆಲ್ಟನ್ನು ಮನೆಮನೆಗೆ ತಂದದ್ದು ಮಾರುತಿ 800.

ಬೆಲ್ಟ್ ಹರಿದಾಗ ಹೆಚ್ಚು ಸದ್ದೇನೂ ಆಗಬೇಕಿಲ್ಲ. ಎಂಜಿನ್ ಸುಮ್ಮನೆ ಸಾಯುತ್ತದೆ. ಸೆಲ್ಫ್ ಹೊಡೆದರೆ ಎಂದಿನ ಏದುಸಿರಿಲ್ಲದೆ ಹಗುರವಾಗಿ ಗಿರ್ರನೆ ತಿರುಗುತ್ತದೆ, ಏಕೆಂದರೆ ತೆರೆದೇ ಉಳಿದ ವಾಲ್ವ್‌ಗಳಿಂದಾಗಿ ಕಂಪ್ರೆಷನ್ ಇಲ್ಲ. ಈ ಬದಲಾದ ದನಿ ಕಿವಿಗೆ ಬಿದ್ದ ಕೂಡಲೇ ಕೀಲಿಯಿಂದ ಕೈ ತೆಗೆಯಬೇಕು.

ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಮೇಲೇರುವ ಜಾಗಕ್ಕೇ ವಾಲ್ವ್ ಕೆಳಗಿಳಿಯುತ್ತದೆ. ಬೇರೆ ಬೇರೆ ಹೊತ್ತಿಗೆ, ಅಷ್ಟೆ. ಡೀಸೆಲ್ ಎಂಜಿನ್‌ಗಳಲ್ಲಂತೂ ಪಿಸ್ಟನ್ ಮೇಲೆ ಉಳಿಯುವ ಸಂದು ತೀರಾ ಕಡಿಮೆ. ಬೆಲ್ಟ್ ಹರಿದು ಕ್ಯಾಮ್ ನಿಂತಿತೋ, ತೆರೆದು ನಿಂತ ವಾಲ್ವ್‌ಗೆ ಪಿಸ್ಟನ್ ಗುದ್ದುತ್ತದೆ. ವಾಲ್ವ್ ಬೆಂಡ್, ಹೆಡ್ ಇಳಿಸುವ ಖರ್ಚು. ಕೆಲವು ಎಂಜಿನ್‌ಗಳಲ್ಲಿ ಎರಡೂ ಒಂದಕ್ಕೊಂದು ತಾಗದಷ್ಟು ಜಾಗ ಬಿಟ್ಟಿರುತ್ತಾರೆ. ಅಲ್ಲಿ ಹೊಸ ಬೆಲ್ಟ್ ಹಾಕಿದರೆ ಮುಗಿಯಿತು. ನಿಮ್ಮದು ಯಾವ ಜಾತಿಯದೆಂದು ಖಚಿತವಾಗುವವರೆಗೆ ಮೊದಲನೆಯದೆಂದೇ ನಂಬಿರಿ. ಗೇರಿನಲ್ಲಿ ಉರುಳಿಸಿದರೆ ಇಡೀ ಕಾರಿನ ಭಾರವೇ ಪಿಸ್ಟನ್ನನ್ನು ವಾಲ್ವ್‌ಗೆ ಒತ್ತುತ್ತದೆ.

ಘಾಟಿಯಲ್ಲಿ ನಿಲ್ಲಿಸುವಾಗ ಗೇರಿನಲ್ಲಿ ಬಿಡುವ ಅಭ್ಯಾಸ ನಮಗಿದೆ. ಇಲ್ಲಿ ಅದೂ ಬೇಡ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಗಾಲಿಗೆ ದೊಡ್ಡ ಕಲ್ಲು. ಎಂಜಿನ್ ಸತ್ತ ಮೇಲೆ ಬ್ರೇಕ್ ಬೂಸ್ಟರಿನ ನೆರವು ಕೆಲವೇ ತುಳಿತಕ್ಕೆ ಮುಗಿದು ಪೆಡಲ್ ಗಟ್ಟಿಯಾಗುತ್ತದೆ. ಹಗ್ಗ ಕಟ್ಟಿ ಗುಂಡ್ಯದ ಕಡೆಗೆ ಎಳೆಸಿಕೊಂಡು ಇಳಿಯುವುದಕ್ಕಿಂತ ಲಾರಿಯ ಮೇಲೆ ಹೇರಿಸುವುದು ಲೇಸು.

ಮಲೆನಾಡಿನಲ್ಲಿ ತೋಟದ ಮನೆಯ ಕಾರು ಓಡುವುದಕ್ಕಿಂತ ಶೆಡ್ಡಿನಲ್ಲಿ ನಿಲ್ಲುವುದೇ ಹೆಚ್ಚು. ಕಿಲೋಮೀಟರ್ ಕಡಿಮೆಯೆಂದು ಯಾರೂ ಬೆಲ್ಟ್ ಮುಟ್ಟುವುದಿಲ್ಲ. ಆದರೆ ರಬ್ಬರಿಗೆ ವಯಸ್ಸೂ ಲೆಕ್ಕವೇ. ಆಯಿಲ್ ಸೀಲ್ ಸೋರಿ ಎಣ್ಣೆ ತಾಗಿದರೆ ಇನ್ನೂ ಬೇಗ ಕೆಡುತ್ತದೆ. ಹಳೆಯ ಕಾರು ಕೊಂಡಾಗ ಬೆಲ್ಟ್ ಬದಲಿಸಿದ ಬಿಲ್ ಸಿಗದಿದ್ದರೆ ಟೆನ್ಷನರ್ ಸಮೇತ ಬದಲಿಸಿಬಿಡಿ. ಗುರುತುಗಳನ್ನು ಕೂಡಿಸಿ ಬೆಲ್ಟ್ ಹಾಕಿದ ಮೇಲೆ ಮೆಕ್ಯಾನಿಕ್ ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡಲಿ. ನಡುವೆ ಎಲ್ಲಾದರೂ ಬಿಗಿ ಹಿಡಿದರೆ ಬಲ ಹಾಕದೆ, ಮತ್ತೆ ಬಿಚ್ಚಿ ಗುರುತು ನೋಡಬೇಕು. ಕೀಲಿ ತಿರುಗಿಸುವುದು ಆಮೇಲೆ.